90 ದಿನದ ನೋಟಿಸ್, 400 ಪುಟದ ವಿಕಿ: ತಂಡದ ತಿಳಿವಳಿಕೆಯನ್ನು ತಂಡದಲ್ಲೇ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಬೆಳ್ಳಂದೂರಿನ ಕಂಪನಿಯೊಂದರಲ್ಲಿ ಒಂಬತ್ತು ಜನರ ತಂಡಕ್ಕೆ ಲೀಡ್ ಆಗಿದ್ದೇನೆ. ಪೇಮೆಂಟ್ ಆ್ಯಪ್‌ನ ಬ್ಯಾಕೆಂಡ್ (ತೆರೆಮರೆಯ ಸರ್ವರ್ ಭಾಗ) ನಮ್ಮ ಕೆಲಸ, ಎರಡು ವಾರದ ಸ್ಪ್ರಿಂಟ್ (ಕೆಲಸದ ಸುತ್ತು). ಬ್ಯಾಂಕಿನ ಲೆಕ್ಕಕ್ಕೂ ನಮ್ಮ ಲೆಕ್ಕಕ್ಕೂ ತಾಳೆ ನೋಡುವ ರಿಕನ್ಸಿಲಿಯೇಷನ್ ಭಾಗವನ್ನು ಮೊದಲಿನಿಂದ ಬರೆದ ಸೀನಿಯರ್ ಈಗ ಪೇಪರ್ ಹಾಕಿದ್ದಾರೆ. 90 ದಿನದ ನೋಟಿಸ್ ಪೀರಿಯಡ್ ಶುರುವಾಗಿದೆ. ‘ಎಲ್ಲವನ್ನೂ ಡಾಕ್ಯುಮೆಂಟ್ ಮಾಡಿಸಿ, ಕೆಟಿ ಮುಗಿಸಿ’ ಎಂದು ಮ್ಯಾನೇಜರ್ ಹೇಳುತ್ತಿದ್ದಾರೆ; ಕೆಟಿ ಎಂದರೆ ನಾಲೆಜ್ ಟ್ರಾನ್ಸ್‌ಫರ್, ಗೊತ್ತಿರುವುದನ್ನು ಉಳಿದವರಿಗೆ ದಾಟಿಸುವುದು. ತಂಡದವರೇ ಬರೆದು ತಿದ್ದುವ ವಿಕಿಯಲ್ಲಿ ಆಗಲೇ 400 ಪುಟ ಇವೆ, ಯಾರೂ ನಂಬುವುದಿಲ್ಲ. ಸಣ್ಣ ಸಣ್ಣ ಸುತ್ತುಗಳಲ್ಲಿ ಕೆಲಸ ಮಾಡುವ ನಮ್ಮ ಅಜೈಲ್ ಪದ್ಧತಿಯನ್ನು ಮುಂದಿಟ್ಟು ‘ಅಜೈಲ್‌ನಲ್ಲಿ ಡಾಕ್ಯುಮೆಂಟೇಷನ್ ಬೇಡ’ ಎನ್ನುವವರೂ ತಂಡದಲ್ಲಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಇವತ್ತೇ ಮಾಡಬೇಕಾದ ಕೆಲಸ ಒಂದಿದೆ: ರಿಕನ್ಸಿಲಿಯೇಷನ್‌ಗೆ ಸಂಬಂಧಿಸಿದ ಒಂದು ಟಿಕೆಟ್ (ಪಟ್ಟಿಯಲ್ಲಿ ದಾಖಲಾದ ಕೆಲಸ) ಕೂಡ ಇನ್ನು ಮುಂದೆ ಆ ಸೀನಿಯರ್ ಹೆಸರಿಗೆ ಹೋಗದಂತೆ ನೋಡಿಕೊಳ್ಳಿ. ಟಿಕೆಟ್ ಬೇರೆಯವರ ಹೆಸರಿಗೆ ಹೋಗಲಿ, ಸೀನಿಯರ್ ಪಕ್ಕದಲ್ಲಿ ಕೂತು ಹೇಳಿಕೊಡಲಿ, ಬಂದ ಕೋಡ್ ರಿವ್ಯೂ ಮಾಡಲಿ. ಹೆಚ್ಚಿನ ತಂಡಗಳು ಇದನ್ನು ತಿರುವುಮುರುವು ಮಾಡುತ್ತವೆ. ಹೋಗುವವರಿಗೆ ಕೊನೆಯ ದಿನದವರೆಗೆ ಫೀಚರ್ ಕೆಲಸ ಕೊಟ್ಟು, ಕೊನೆಯ ಎರಡು ವಾರದಲ್ಲಿ ದಿನಕ್ಕೆರಡರಂತೆ ಕೆಟಿ ಸೆಷನ್ ಇಟ್ಟು, ಎಲ್ಲವನ್ನೂ ರೆಕಾರ್ಡ್ ಮಾಡಿ ಫೋಲ್ಡರಿಗೆ ಹಾಕಿಬಿಡುತ್ತವೆ. ಆ ರೆಕಾರ್ಡಿಂಗ್‌ಗಳನ್ನು ಮತ್ತೆ ಯಾರೂ ತೆರೆಯುವುದಿಲ್ಲ. ಎರಡು ಗಂಟೆಯ ವಿಡಿಯೊದಲ್ಲಿ ತನಗೆ ಬೇಕಾದ ನಾಲ್ಕು ನಿಮಿಷ ಎಲ್ಲಿದೆ ಎಂದು ರಾತ್ರಿ ಒಂದು ಗಂಟೆಗೆ ಅಲರ್ಟ್ ಬಂದವನು ಹುಡುಕುತ್ತಾ ಕೂರಲಾರ. ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಕೇಳುವವರು ಆ ಕೆಲಸವನ್ನು ಒಮ್ಮೆಯೂ ಮಾಡಿರುವುದಿಲ್ಲ, ಹಾಗಾಗಿ ಏನು ಕೇಳಬೇಕೆಂದೇ ಅವರಿಗೆ ಗೊತ್ತಿರುವುದಿಲ್ಲ. ಹೇಳುವವರಿಗೆ ಅದೆಲ್ಲ ಕೈವಶವಾಗಿ ಎಷ್ಟೋ ವರ್ಷವಾಗಿರುತ್ತದೆ, ಏನನ್ನು ಬಿಟ್ಟು ಹೇಳುತ್ತಿದ್ದೇನೆ ಎಂಬುದು ಅವರ ಗಮನಕ್ಕೂ ಬರುವುದಿಲ್ಲ.

ತಂಡದೊಳಗಿನ ವಾದವನ್ನೂ ಮೊದಲೇ ಮುಗಿಸಿಕೊಳ್ಳಿ. ಆ ಪದ್ಧತಿಯ ಮೂಲ ಘೋಷಣೆಯಾದ ಅಜೈಲ್ ಮ್ಯಾನಿಫೆಸ್ಟೊ ಬರೆದದ್ದು 2001ರ ಫೆಬ್ರವರಿಯಲ್ಲಿ, ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ ಸೇರಿದ್ದ 17 ಮಂದಿ. ಸಮಗ್ರ ದಾಖಲೆಗಿಂತ ಕೆಲಸ ಮಾಡುವ ಸಾಫ್ಟ್‌ವೇರ್‌ಗೆ ಹೆಚ್ಚು ಬೆಲೆ ಎಂದು ಅದರಲ್ಲಿದೆ, ನಿಜ. ಆದರೆ ಬಲಗಡೆಯ ಸಂಗತಿಗಳಿಗೂ (ಇಲ್ಲಿ ದಾಖಲೆ) ಬೆಲೆಯಿದೆ, ಎಡಗಡೆಯವಕ್ಕೆ (ಇಲ್ಲಿ ಸಾಫ್ಟ್‌ವೇರ್) ಅದಕ್ಕಿಂತ ಹೆಚ್ಚು ಎಂಬ ಸಾಲು ಅದರ ಕೆಳಗೇ ಇದೆ. ಮೊದಲ ವಿಕಿಯನ್ನು 1995ರಲ್ಲಿ ಅಂತರ್ಜಾಲಕ್ಕೆ ತಂದ ವಾರ್ಡ್ ಕನ್ನಿಂಗ್‌ಹ್ಯಾಮ್ ಆ 17 ಮಂದಿಯಲ್ಲಿ ಒಬ್ಬರು. ಬರೆದಿಡುವುದನ್ನೇ ಬಿಟ್ಟುಬಿಡಿ ಎಂದು ಹೇಳಲು ಅವರ್‍ಯಾರೂ ಅಲ್ಲಿ ಸೇರಿರಲಿಲ್ಲ. ಯಾರೂ ಓದದ ಮುನ್ನೂರು ಪುಟದ ಸ್ಪೆಸಿಫಿಕೇಷನ್ ಬರೆಯುವುದರಲ್ಲೇ ತಿಂಗಳುಗಟ್ಟಲೆ ಕಳೆಯುವ ಪದ್ಧತಿ ಅವರಿಗೆ ಬೇಡವಾಗಿತ್ತು.

ಹಾಗೆಂದು ಮ್ಯಾನೇಜರ್ ಹೇಳುವ ‘ಎಲ್ಲವನ್ನೂ’ ಕೂಡ ಆಗದ ಮಾತು. ಡೆನ್ಮಾರ್ಕಿನ ಕಂಪ್ಯೂಟರ್ ವಿಜ್ಞಾನಿ ಪೀಟರ್ ನೌರ್ 1985ರಲ್ಲೇ ಇದರ ಕಾರಣ ವಿವರಿಸಿದ್ದರು. ಒಂದು ಪ್ರೋಗ್ರಾಂ ಎಂದರೆ ಅದರ ಕೋಡ್ ಮಾತ್ರವಲ್ಲ. ಅದು ಹೀಗೇ ಏಕಿದೆ, ಹೊಸ ಬೇಡಿಕೆ ಬಂದರೆ ಎಲ್ಲಿ ಬಗ್ಗುತ್ತದೆ, ಎಲ್ಲಿ ಮುರಿಯುತ್ತದೆ ಎಂಬ ಗ್ರಹಿಕೆ ಅದನ್ನು ಕಟ್ಟಿದವರ ತಲೆಯಲ್ಲಿರುತ್ತದೆ, ಅದನ್ನು ಪೂರ್ತಿಯಾಗಿ ಕಾಗದಕ್ಕೆ ಇಳಿಸಲಾಗದು ಎಂಬುದು ಅವರ ವಾದ. ಹೊಸಬರಿಗೆ ಅದು ದಾಟಬೇಕಾದರೆ ಗೊತ್ತಿರುವವರ ಜೊತೆ ಕೂತು ಅದೇ ಕೆಲಸ ಮಾಡಬೇಕು. ನಿಮ್ಮ 90 ದಿನವನ್ನು ಈ ಲೆಕ್ಕದಲ್ಲೇ ಹಂಚಬೇಕು. ಮಾಡಿ ಕಲಿಯಬೇಕಾದದ್ದಕ್ಕೆ ಹೆಚ್ಚಿನ ಪಾಲು, ಬರೆದಿಡಬೇಕಾದದ್ದಕ್ಕೆ ಉಳಿದದ್ದು.

ಕ್ಯಾಲೆಂಡರ್ ತೆಗೆಯಿರಿ. 90 ದಿನ ಎಂದರೆ ಎರಡು ವಾರದ ಆರು ಸ್ಪ್ರಿಂಟ್. ಆದರೆ ಉಳಿದ ರಜೆ, ಹೊಸ ಕಂಪನಿಯವರ ಅವಸರ, ಬೇಗ ರಿಲೀವ್ ಆಗುವ ಸಾಧ್ಯತೆ, ಕೊನೆಯ ವಾರದ ಎಕ್ಸಿಟ್ ಫಾರ್ಮಾಲಿಟಿ ಎಲ್ಲ ಕಳೆದರೆ ಕೈಗೆ ಸಿಗುವುದು ನಾಲ್ಕು ಎಂದೇ ಇಟ್ಟುಕೊಳ್ಳಿ.

ಮೊದಲ ಸ್ಪ್ರಿಂಟ್ ಪಟ್ಟಿ ಮಾಡುವುದಕ್ಕೆ. ಕೋಡ್ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ, ಯಾರದು ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಎಂದು ತೋರಿಸುವ ಶಾರ್ಟ್‌ಲಾಗ್ ಕಮಾಂಡನ್ನು ಒಂದೊಂದು ಫೋಲ್ಡರಿಗೂ ಕಳೆದ 12 ತಿಂಗಳ ಮಿತಿ ಕೊಟ್ಟು, ಮರ್ಜ್ (ಕೋಡ್ ಒಟ್ಟುಗೂಡಿಸುವ) ಕಮಿಟ್‌ಗಳನ್ನು ಬಿಟ್ಟು ಓಡಿಸಿ. ಯಾವ ಫೋಲ್ಡರಿನಲ್ಲಿ ಹತ್ತಕ್ಕೆ ಏಳೆಂಟು ಕಮಿಟ್ ಒಬ್ಬರದ್ದೇ ಇದೆಯೋ ಅಲ್ಲಿ ಅಪಾಯವಿದೆ. ಈ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಬೇಡಿ. ಯಾರೋ ಒಮ್ಮೆ ಇಡೀ ರೆಪೊದ (ಕೋಡ್ ಸಂಗ್ರಹದ) ಫಾರ್ಮ್ಯಾಟಿಂಗ್ ಸರಿಮಾಡಿದ್ದರೆ ಅವರ ಹೆಸರು ಎಲ್ಲೆಡೆ ಕಾಣುತ್ತದೆ. ಜೋಡಿಯಾಗಿ ಬರೆದ ಕೋಡ್ ಒಬ್ಬರ ಹೆಸರಲ್ಲೇ ಇರುತ್ತದೆ. ಗಿಟ್‌ಗೆ ಕಾಣದ ಕೆಲಸಗಳು ಇನ್ನೂ ಮುಖ್ಯ: ಬ್ಯಾಂಕಿನ ಕಡೆ ಯಾರಿಗೆ ಫೋನ್ ಮಾಡಬೇಕು, ಯಾವ ಸರ್ಟಿಫಿಕೇಟ್ ಯಾವಾಗ ಮುಗಿಯುತ್ತದೆ, ಯಾವ ಸ್ಕ್ರಿಪ್ಟ್ ಅವರ ಲ್ಯಾಪ್‌ಟಾಪಿನಲ್ಲಿ ಮಾತ್ರ ಇದೆ, ಯಾವ ಅಲರ್ಟ್ ಬಂದರೂ ಸುಮ್ಮನಿರಬಹುದು, ಮಾರ್ಚ್ 31ರ ರಾತ್ರಿ ಏನೇನು ಮಾಡಬೇಕು.

ಇವನ್ನೆಲ್ಲ ಒಂದು ಶೀಟಿಗೆ ಹಾಕಿ. ಸಾಲುಗಳಲ್ಲಿ ಕೆಲಸ, ಕಾಲಂಗಳಲ್ಲಿ ಒಂಬತ್ತು ಹೆಸರು. ಪ್ರತಿ ಕೋಶಕ್ಕೆ 0ಯಿಂದ 3ರವರೆಗೆ ಅಂಕ: 0 ಗೊತ್ತಿಲ್ಲ, 1 ಮಾಡುವುದನ್ನು ನೋಡಿದ್ದೇನೆ, 2 ಪಕ್ಕದಲ್ಲಿ ಒಬ್ಬರಿದ್ದರೆ ಮಾಡಬಲ್ಲೆ, 3 ಒಬ್ಬನೇ ಮಾಡಿದ್ದೇನೆ. ‘ಮಾಡಬಲ್ಲೆ’ ಎಂಬ ವಿಶ್ವಾಸಕ್ಕೆ 3 ಕೊಡಬೇಡಿ, ಮಾಡಿದ್ದರೆ ಮಾತ್ರ ಕೊಡಿ. ಒಂದೇ ಒಂದು 3 ಇರುವ ಸಾಲು, ಅದೂ ಹೊರಡುವವರ ಹೆಸರಿನ ಕೆಳಗಿದ್ದರೆ, ಕೆಂಪು ಬಣ್ಣ. ಆದ್ಯತೆ ಕೊಡುವಾಗ ಎಲ್ಲರೂ ದಿನವೂ ನಡೆಯುವ ಕೆಲಸವನ್ನೇ ಮೇಲಿಡುತ್ತಾರೆ. ದಿನವೂ ನಡೆಯುವುದನ್ನು ತಂಡ ಹೇಗೂ ಕಲಿತುಬಿಡುತ್ತದೆ. ವಿರಳವಾಗಿ ಬಂದು, ತಪ್ಪಿದರೆ ಹೆಚ್ಚು ಹಾನಿ ಮಾಡುವ ಕೆಲಸವನ್ನು ಮೇಲಿಡಿ.

ರಿಕನ್ಸಿಲಿಯೇಷನ್‌ನಲ್ಲಿ ಅಂಥ ಕೆಲಸ ಎಂದರೆ ತಿಂಗಳ ಕೊನೆಯ ಲೆಕ್ಕ. 90 ದಿನದಲ್ಲಿ ತಿಂಗಳ ಕೊನೆ ಸಿಗುವುದು ಹೆಚ್ಚೆಂದರೆ ಮೂರು ಸಲ. ಇದನ್ನು ಈಗಲೇ ಗುರುತು ಹಾಕದಿದ್ದರೆ ಮೂರೂ ಸಲ ಸೀನಿಯರೇ ಮಾಡಿ ಮುಗಿಸಿಬಿಡುತ್ತಾರೆ, ಏಕೆಂದರೆ ಆ ರಾತ್ರಿ ಎಲ್ಲರಿಗೂ ಅವಸರ. ಮೊದಲ ಸಲ ಅವರು ಮಾಡಲಿ, ಕಲಿಯುವ ಇಬ್ಬರು ನೋಡುತ್ತಾ ಹಂತ ಹಂತವಾಗಿ ಬರೆದುಕೊಳ್ಳಲಿ. ಎರಡನೆಯ ಸಲ ಆ ಇಬ್ಬರಲ್ಲಿ ಒಬ್ಬರು ತಾವು ಬರೆದದ್ದನ್ನೇ ಇಟ್ಟುಕೊಂಡು ಮಾಡಲಿ, ಸೀನಿಯರ್ ಪಕ್ಕದಲ್ಲಿರಲಿ, ಕೀಬೋರ್ಡ್ ಮುಟ್ಟುವಂತಿಲ್ಲ. ಕೈ ಹಾಕಬೇಕೆನಿಸಿದ ಪ್ರತಿ ಜಾಗವೂ ರನ್‌ಬುಕ್‌ನಲ್ಲಿ, ಅಂದರೆ ಬರೆದುಕೊಂಡ ಆ ಹಂತಗಳ ಪಟ್ಟಿಯಲ್ಲಿ, ಬಿಟ್ಟುಹೋದ ಒಂದು ಸಾಲು. ಅಲ್ಲೇ ನಿಲ್ಲಿಸಿ ಬರೆದುಕೊಳ್ಳಿ. ಮೂರನೆಯ ಸಲ ಇನ್ನೊಬ್ಬರು ಮಾಡಲಿ, ಸೀನಿಯರ್ ಮನೆಗೆ ಹೋಗಲಿ. ಫೋನ್ ಮಾಡಬಹುದು, ಆದರೆ ಮಾಡಿದ ಪ್ರತಿ ಫೋನನ್ನೂ ಬರೆದಿಡಬೇಕು. ಬೇಗ ರಿಲೀವ್ ಆಗುವಂತಿದ್ದರೆ ಮೊದಲ ಸಲವೇ ಎರಡನೆಯ ಹಂತದಿಂದ ಶುರುಮಾಡಿ. ಈ 90 ದಿನದೊಳಗೆ ಬಾರದ ವಾರ್ಷಿಕ ಕೆಲಸವನ್ನು ಹೋದ ವರ್ಷದ ಫೈಲ್‌ಗಳನ್ನೇ ಇಟ್ಟುಕೊಂಡು, ಗ್ರಾಹಕರ ವಿವರ ಮರೆಮಾಡಿ, ಸ್ಟೇಜಿಂಗ್‌ನಲ್ಲಿ (ಪರೀಕ್ಷೆಗೆಂದೇ ಇರುವ ಪ್ರತಿಯಲ್ಲಿ) ಒಮ್ಮೆ ಮಾಡಿ ನೋಡಿ.

ಇಷ್ಟೆಲ್ಲ ಮಾಡಿದರೆ ಸ್ಪ್ರಿಂಟ್‌ನ ವೇಗ ಕುಗ್ಗುತ್ತದೆ. ಅದನ್ನು ಯಾವ ಕೆಲಸ ಮೊದಲು ಎಂದು ನಿರ್ಧರಿಸುವ ಪ್ರಾಡಕ್ಟ್ ಓನರ್‌ಗೆ ಸ್ಪ್ರಿಂಟ್ ಪ್ಲಾನಿಂಗ್‌ನಲ್ಲೇ ಹೇಳಿಬಿಡಿ. ಕೆಟಿಯನ್ನು ಬಿಡುವಿದ್ದಾಗ ಮಾಡುವ ಕೆಲಸವಾಗಿ ಇಟ್ಟರೆ ಬಿಡುವು ಎಂದೂ ಬರುವುದಿಲ್ಲ. ಅದನ್ನು ಟಿಕೆಟ್ ಮಾಡಿ ಬ್ಯಾಕ್‌ಲಾಗ್‌ಗೆ (ಮಾಡಬೇಕಾದ ಕೆಲಸಗಳ ಪಟ್ಟಿಗೆ) ಹಾಕಿ. ಟಿಕೆಟ್ ಮುಗಿಯಿತು ಎನ್ನುವ ಷರತ್ತನ್ನು ‘ಕೆಟಿ ಕೊಡಲಾಯಿತು’ ಎಂದು ಬರೆಯಬೇಡಿ. ‘ತಾಳೆಯಾಗದ ವಹಿವಾಟುಗಳ ಪಟ್ಟಿಯನ್ನು ಇಂಥವರು ರನ್‌ಬುಕ್ ನೋಡಿ, ಯಾರನ್ನೂ ಕೇಳದೆ, ಪೂರ್ತಿ ಬಗೆಹರಿಸಿದರು’ ಎಂದು ಬರೆಯಿರಿ. ಕೊಟ್ಟದ್ದನ್ನು ಲೆಕ್ಕ ಹಾಕಿದರೆ ಎಲ್ಲ ಟಿಕೆಟ್‌ಗಳೂ ಹಸಿರಾಗುತ್ತವೆ. ತೆಗೆದುಕೊಂಡದ್ದನ್ನು ಲೆಕ್ಕ ಹಾಕಿದರೆ ಎಲ್ಲಿ ಕೊರತೆಯಿದೆ ಎಂದು ಕಾಣುತ್ತದೆ.

ಇನ್ನು ಬರೆಯುವ ವಿಚಾರ. ಕೋಡ್ ಏನು ಮಾಡುತ್ತದೆ ಎಂಬುದನ್ನು ಕೋಡೇ ಹೇಳುತ್ತದೆ, ಟೆಸ್ಟ್‌ಗಳು ಇನ್ನೂ ಚೆನ್ನಾಗಿ ಹೇಳುತ್ತವೆ. ಅದನ್ನು ವಿಕಿಯಲ್ಲಿ ಮತ್ತೆ ಬರೆದರೆ ಮುಂದಿನ ರಿಲೀಸ್‌ಗೆ ಸುಳ್ಳಾಗುತ್ತದೆ. ಕೋಡ್ ಹೇಳಲಾರದ್ದು ಎಂದರೆ ಹೀಗೇಕೆ ಮಾಡಿದೆವು, ಬೇರೆ ಏನನ್ನು ಯೋಚಿಸಿ ಕೈಬಿಟ್ಟೆವು ಎಂಬುದು. ನನ್ನ ಮಟ್ಟಿಗೆ ತಂಡವೊಂದು ಬರೆಯಲೇಬೇಕಾದದ್ದು ಒಂದೇ ಇದ್ದರೆ ಅದು ಈ ನಿರ್ಣಯದ ದಾಖಲೆ. ಮೈಕೆಲ್ ನೈಗಾರ್ಡ್ 2011ರಲ್ಲಿ ಇದಕ್ಕೆ ಕೊಟ್ಟ ಸರಳ ರೂಪ ಇವತ್ತಿಗೂ ಸಾಕು: ಶೀರ್ಷಿಕೆ, ಸ್ಥಿತಿ, ಹಿನ್ನೆಲೆ, ನಿರ್ಣಯ, ಪರಿಣಾಮ. ಒಂದೆರಡು ಪುಟ ಮೀರಬಾರದು. ಕೋಡ್ ಇರುವ ರೆಪೊದಲ್ಲೇ ಒಂದು ಫೋಲ್ಡರ್, ಕ್ರಮಸಂಖ್ಯೆ ಹಾಕಿದ ಫೈಲ್‌ಗಳು. ನಿಮ್ಮ ಭಾಗಕ್ಕೇ ಹೊಂದುವ ಒಂದು ಮಾದರಿ ನೋಡಿ.

ನಿರ್ಣಯ 14: ಬ್ಯಾಂಕಿನಿಂದ ಉತ್ತರ ಬಾರದ ಪಾವತಿಯನ್ನು ‘ವಿಫಲ’ ಎಂದು ಗುರುತಿಸುವುದಿಲ್ಲ.
ಸ್ಥಿತಿ: ಒಪ್ಪಲಾಗಿದೆ.
ಹಿನ್ನೆಲೆ: ಟೈಮ್‌ಔಟ್ ಆದಾಗ ಗ್ರಾಹಕರ ಖಾತೆಯಿಂದ ಹಣ ಹೋಗಿರಬಹುದು, ಹೋಗದೆಯೂ ಇರಬಹುದು. ಆ ಕ್ಷಣದಲ್ಲಿ ನಮಗೆ ಗೊತ್ತಾಗುವುದಿಲ್ಲ. ‘ವಿಫಲ’ ಎಂದು ತೋರಿಸಿದರೆ ಗ್ರಾಹಕರು ಮತ್ತೊಮ್ಮೆ ಪಾವತಿ ಮಾಡುತ್ತಾರೆ, ಎರಡು ಸಲ ಹಣ ಕಡಿತವಾಗಬಹುದು.
ನಿರ್ಣಯ: ಪಾವತಿಯನ್ನು ‘ಬಾಕಿ’ ಎಂದೇ ಇಟ್ಟು, ಅದೇ ರೆಫರೆನ್ಸ್ ನಂಬರ್ ಕೊಟ್ಟು ಬ್ಯಾಂಕಿನ ಸ್ಟೇಟಸ್ ಎಪಿಐಯನ್ನು ಕೇಳುತ್ತೇವೆ. ಹೊಸ ರೆಫರೆನ್ಸ್ ನಂಬರಿನಿಂದ ತಾನಾಗಿ ಮತ್ತೆ ಕಳಿಸುವ ಉಪಾಯವನ್ನು ಕೈಬಿಟ್ಟಿದ್ದೇವೆ. ಬ್ಯಾಂಕಿಗೆ ಅದು ಬೇರೆಯದೇ ಪಾವತಿ.
ಪರಿಣಾಮ: ‘ನನ್ನ ಹಣ ಎಲ್ಲಿ’ ಎಂಬ ಕರೆಗಳು ಸಪೋರ್ಟ್‌ಗೆ ಹೆಚ್ಚು ಬರುತ್ತವೆ. ರಾತ್ರಿಯ ರಿಕನ್ಸಿಲಿಯೇಷನ್ ತಪ್ಪಿದರೆ ‘ಬಾಕಿ’ ಪಾವತಿಗಳು ಹಾಗೇ ಉಳಿಯುತ್ತವೆ, ಆದ್ದರಿಂದ ಆ ಜಾಬ್‌ಗೆ ಅಲರ್ಟ್ ಇರಲೇಬೇಕು.

ಇದು ಇಲ್ಲದಿದ್ದರೆ ಆರು ತಿಂಗಳ ನಂತರ ಏನಾಗುತ್ತದೆ? ಹೊಸದಾಗಿ ಸೇರಿದ ಚುರುಕಾದ ಹುಡುಗಿಯೊಬ್ಬಳು ಕೋಡ್ ನೋಡುತ್ತಾಳೆ. ಗ್ರಾಹಕರು ‘ಬಾಕಿ’ ಎಂದು ಗಂಟೆಗಟ್ಟಲೆ ನೋಡುತ್ತಿದ್ದಾರೆ, 30 ಸೆಕೆಂಡ್ ಕಾದು ‘ವಿಫಲ, ಮತ್ತೆ ಪ್ರಯತ್ನಿಸಿ’ ಎಂದರೆ ಒಳ್ಳೆಯದಲ್ಲವೇ ಎಂದು ಅವಳಿಗೆ ಅನ್ನಿಸುತ್ತದೆ. ಬದಲಾವಣೆ ನಾಲ್ಕು ಸಾಲಿನದು. ಟೆಸ್ಟ್ ಪಾಸ್ ಆಗುತ್ತದೆ, ರಿವ್ಯೂ ಮಾಡುವವರಿಗೂ ಹಳೆಯ ಕಾರಣ ಗೊತ್ತಿಲ್ಲ, ಮರ್ಜ್ ಆಗುತ್ತದೆ. ಬ್ಯಾಂಕಿನ ಸರ್ವರ್ ನಿಧಾನವಾದ ಮೊದಲ ಸಂಜೆಯೇ ಜನರ ಹಣ ಎರಡೆರಡು ಸಲ ಹೋಗಲು ಶುರು. ಅವಳ ತರ್ಕದಲ್ಲಿ ತಪ್ಪಿರಲಿಲ್ಲ, ಅವಳಿಗೆ ಹಿನ್ನೆಲೆ ಸಿಕ್ಕಿರಲಿಲ್ಲ. ಆ ನಾಲ್ಕು ಸಾಲಿನ ಮೇಲೆ ‘ನಿರ್ಣಯ 14 ನೋಡಿ’ ಎಂಬ ಒಂದು ಕಾಮೆಂಟ್ ಇದ್ದಿದ್ದರೆ ಸಾಕಿತ್ತು.

ಹಳೆಯ ನಿರ್ಣಯ ಬದಲಾದರೆ ಫೈಲನ್ನು ತಿದ್ದಬೇಡಿ. ಹೊಸ ಸಂಖ್ಯೆಯಲ್ಲಿ ಹೊಸದು ಬರೆದು, ಹಳೆಯದರ ಸ್ಥಿತಿಯಲ್ಲಿ ‘ನಿರ್ಣಯ 31ರಿಂದ ರದ್ದಾಗಿದೆ’ ಎಂದು ಹಾಕಿ. ಯಾವುದನ್ನು ಬರೆಯಬೇಕು ಎಂಬುದಕ್ಕೆ ನನ್ನ ಅಳತೆ ಹೀಗಿದೆ: ಹಿಂದಕ್ಕೆ ಪಡೆಯಲು ಕಷ್ಟವಾದದ್ದು, ತಂಡ ಅರ್ಧ ಗಂಟೆಗಿಂತ ಹೆಚ್ಚು ವಾದ ಮಾಡಿದ್ದು, ಹೊಸಬರು ನೋಡಿದರೆ ‘ಇದೇನು ವಿಚಿತ್ರ’ ಎನ್ನುವಂಥದ್ದು. ಬರೆಯುವ ಸಮಯ ಕೋಡ್ ಮರ್ಜ್ ಆಗುವ ಮುಂಚೆ; ಅದೇ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಯನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆಯಲ್ಲಿ) ದಾಖಲೆಯೂ ಇರಲಿ. ಆಮೇಲೆ ಬರೆಯೋಣ ಎಂದು ಮುಂದೂಡಿದ್ದು ಬರೆಯದೇ ಉಳಿಯುತ್ತದೆ.

ಈಗಾಗಲೇ ಆಗಿಹೋದ ನಿರ್ಣಯಗಳನ್ನು ಸೀನಿಯರ್ ಬಾಯಿಂದ ಹೊರಡಿಸಬೇಕು. ‘ಸಿಸ್ಟಮ್ ವಿವರಿಸಿ’ ಎಂದರೆ ಬಾಕ್ಸ್ ಮತ್ತು ಬಾಣದ ಚಿತ್ರ ಬರೆದು ಎಲ್ಲರಿಗೂ ಗೊತ್ತಿರುವುದನ್ನೇ ಹೇಳುತ್ತಾರೆ. ಪ್ರಶ್ನೆ ಬೇರೆ ಥರ ಇರಲಿ. ಹೊಸಬರು ಯಾವ ಫೈಲ್ ಮುಟ್ಟಿದರೆ ನಿಮಗೆ ಭಯ? ಯಾವುದನ್ನು ಒಮ್ಮೆ ಬೇರೆ ರೀತಿ ಮಾಡಿ ವಾಪಸ್ ತೆಗೆದಿರಿ? ಯಾವ ಬ್ಯಾಂಕಿನ ಫೈಲ್ ಮಾತ್ರ ಬೇರೆ ಥರ ಬರುತ್ತದೆ? ಏನು ನೋಡಿದ ತಕ್ಷಣ ‘ಇದು ನಮ್ಮ ಕಡೆಯ ತಪ್ಪಲ್ಲ, ಬ್ಯಾಂಕಿನದು’ ಎಂದು ಹೇಳುತ್ತೀರಿ? ಈ ನಾಲ್ಕನ್ನು ಕೇಳಿ ಒಂದು ಗಂಟೆ ಕೂತರೆ ಹತ್ತು ಹನ್ನೆರಡು ದಾಖಲೆಗೆ ಆಗುವಷ್ಟು ವಿಷಯ ಸಿಗುತ್ತದೆ. ಬರೆಯುವುದನ್ನು ಕಲಿಯುವವರು ಬರೆಯಲಿ, ಸೀನಿಯರ್ ತಿದ್ದಲಿ. ಬರೆಯಲು ಕೂತಾಗಲೇ ಅರ್ಥವಾಗದ ಜಾಗ ಯಾವುದೆಂದು ತಮಗೇ ತಿಳಿಯುತ್ತದೆ.

ರನ್‌ಬುಕ್‌ಗೂ ಇದೇ ಮಾತು. ‘ರಾತ್ರಿ ಜಾಬ್ ನಿಂತರೆ ರೀಸ್ಟಾರ್ಟ್ ಮಾಡಿ’ ಎಂಬ ಸಾಲನ್ನು ಎಷ್ಟೋ ರನ್‌ಬುಕ್‌ಗಳಲ್ಲಿ ನೋಡಬಹುದು. ಬರೆದವರಿಗೆ ಅದು ಸಾಕು, ಓದುವವರಿಗೆ ಅಪಾಯ. ಅದೇ ಸಾಲು ಹೀಗಿರಬೇಕು: ‘ಮೊದಲು ಬ್ಯಾಂಕಿನ ಫೈಲ್ ಪೂರ್ತಿ ಬಂದಿದೆಯೇ ನೋಡಿ. ಕೊನೆಯ ಸಾಲಿನಲ್ಲಿ ಬರೆದಿರುವ ಒಟ್ಟು ವಹಿವಾಟಿನ ಸಂಖ್ಯೆಯೂ ಫೈಲಿನಲ್ಲಿರುವ ವಹಿವಾಟಿನ ಸಾಲುಗಳೂ ಸರಿಹೊಂದಬೇಕು. ಹೊಂದದಿದ್ದರೆ ಜಾಬ್ ಓಡಿಸಬೇಡಿ. ಬಾರದೆ ಉಳಿದ ಸಾಲುಗಳೆಲ್ಲ ತಾಳೆಯಾಗಿಲ್ಲ ಎಂದು ಬೀಳುತ್ತವೆ, ಅವನ್ನು ಒಂದೊಂದಾಗಿ ಬಿಡಿಸಬೇಕಾಗುತ್ತದೆ. ಹೊಂದಿದರೆ ರೀಸ್ಟಾರ್ಟ್ ಮಾಡಿ. ಎಂದಿನಂತೆ ಮುಗಿಯಲು 20 ನಿಮಿಷ. 40 ದಾಟಿದರೆ ನಿಲ್ಲಿಸಿ ಡೇಟಾಬೇಸ್ ಆನ್‌ಕಾಲ್‌ನವರನ್ನು ಕರೆಯಿರಿ.’ ಇದರಲ್ಲಿ ಶುರುಮಾಡುವ ಮುನ್ನ ಏನು ನೋಡಬೇಕು, ಎಷ್ಟು ಹೊತ್ತು ಕಾಯಬೇಕು, ಯಾವಾಗ ಕೈಬಿಡಬೇಕು, ಯಾರನ್ನು ಕರೆಯಬೇಕು ಎಲ್ಲವೂ ಇದೆ. ನಿಮಿಷದ ಲೆಕ್ಕ ನಿಮ್ಮ ಜಾಬ್‌ಗೆ ತಕ್ಕಂತೆ ಹಾಕಿಕೊಳ್ಳಿ. ಹೆಸರಿನ ಬದಲು ಹೊಣೆಯನ್ನು ಬರೆಯಿರಿ, ಹೆಸರು ಬದಲಾಗುತ್ತಲೇ ಇರುತ್ತದೆ. ರನ್‌ಬುಕ್‌ನ ಲಿಂಕ್ ಅಲರ್ಟ್ ಸಂದೇಶದೊಳಗೇ ಇರಲಿ. ನಿದ್ದೆಗಣ್ಣಿನಲ್ಲಿ ವಿಕಿ ಹುಡುಕುವಂತೆ ಆಗಬಾರದು. ಮೇಲೆ ಒಂದು ಸಾಲು: ಇದನ್ನು ಕೊನೆಯ ಸಲ ಯಾರು, ಯಾವ ದಿನ ನಿಜವಾಗಿ ಬಳಸಿದರು.

ಆ 400 ಪುಟಗಳನ್ನು ಸರಿಮಾಡಲು ಹೋಗಬೇಡಿ. ಅದಕ್ಕೆ ಯಾರಿಗೂ ಸಮಯ ಸಿಗುವುದಿಲ್ಲ, ಸಿಕ್ಕರೂ ಮೂರು ತಿಂಗಳಲ್ಲಿ ಮತ್ತೆ ಹಳಸುತ್ತದೆ. ಒಂದು ವರ್ಷದಿಂದ ಯಾರೂ ತಿದ್ದದ, ಓದದ ಪುಟಗಳನ್ನೆಲ್ಲ ಒಟ್ಟಿಗೆ ಆರ್ಕೈವ್‌ಗೆ ಹಾಕಿ. ಅಳಿಸಬೇಡಿ, ಹುಡುಕಾಟದಲ್ಲಿ ಕಾಣದಂತೆ ಮಾಡಿದರೆ ಸಾಕು. ಬೇಕಾದವರು ಕೇಳಿದಾಗ ಒಂದೊಂದಾಗಿ ಹೊರಗೆ ತನ್ನಿ. ಒಂಬತ್ತು ಜನರ ತಂಡಕ್ಕೆ ಜೀವಂತವಾಗಿ ಇಪ್ಪತ್ತು ಮೂವತ್ತು ಪುಟ ಇದ್ದರೆ ಬೇಕಾದಷ್ಟಾಯಿತು. ಹಳೆಯ ಪುಟ ಸುಮ್ಮನೆ ಬಿದ್ದಿರುತ್ತದೆ, ಅದರಿಂದೇನು ಎನ್ನುವವರಿಗೆ ಒಂದು ಮಾತು: ಈಗ ಕಂಪನಿಗಳು ವಿಕಿಯ ಮೇಲೆ ಎಐ ಸಹಾಯಕಗಳನ್ನು ಕೂರಿಸುತ್ತಿವೆ. ಹಳೆಯ ಡಿಪ್ಲಾಯ್‌ಮೆಂಟ್ ಹಂತಗಳನ್ನು ಹೊಸದರಷ್ಟೇ ಧೈರ್ಯವಾಗಿ ಅದು ಓದಿ ಹೇಳುತ್ತದೆ. ಹಿಂದೆ ಹಳೆಯ ಪುಟವನ್ನು ನೋಡಿದವರು ದಿನಾಂಕ ನೋಡಿ ಅನುಮಾನಪಡುತ್ತಿದ್ದರು. ಈಗ ಆ ದಿನಾಂಕ ಎಷ್ಟೋ ಸಲ ಅವರ ಕಣ್ಣಿಗೇ ಬೀಳುವುದಿಲ್ಲ.

ಎಲ್ಲಿ ಏನಿರಬೇಕು ಎಂಬುದನ್ನು ಒಮ್ಮೆ ಗೆರೆ ಎಳೆದು ಹೇಳಿ. ಸೆಟಪ್ ಮಾಡುವ ರೀಡ್‌ಮಿ, ನಿರ್ಣಯದ ದಾಖಲೆ, ರನ್‌ಬುಕ್ ಮೂರೂ ರೆಪೊದಲ್ಲಿ, ಏಕೆಂದರೆ ಕೋಡ್ ಬದಲಿಸುವ ಪುಲ್ ರಿಕ್ವೆಸ್ಟ್‌ನಲ್ಲೇ ಅವೂ ಬದಲಾಗಬಹುದು, ರಿವ್ಯೂ ಮಾಡುವವರು ಕೇಳಬಹುದು. ಬೇರೆ ತಂಡಗಳೂ ಓದಬೇಕಾದದ್ದು ವಿಕಿಯಲ್ಲಿ. ಚಾಟ್‌ನಲ್ಲಿ ಉಳಿಯಬೇಕಾದದ್ದು ಏನೂ ಇರಕೂಡದು. ಸ್ಲ್ಯಾಕ್‌ನ ಉಚಿತ ಪ್ಲಾನ್‌ನಲ್ಲಿ 90 ದಿನಕ್ಕಿಂತ ಹಳೆಯ ಸಂದೇಶ ಕಾಣುವುದೇ ಇಲ್ಲ, ಹಣ ಕೊಟ್ಟು ಬಳಸಿದರೂ ಆ ಎಳೆ ಎಲ್ಲಿತ್ತೆಂದು ಸಿಗುವುದಿಲ್ಲ. ಚಾಟ್‌ನಲ್ಲಿ ಒಂದೇ ಪ್ರಶ್ನೆ ಎರಡನೆಯ ಸಲ ಬಂದರೆ ಉತ್ತರಿಸುವವರು ಅದನ್ನು ಪುಟಕ್ಕೆ ಬರೆದು ಲಿಂಕ್ ಕೊಡಲಿ. ಪಾಸ್‌ವರ್ಡ್, ಕೀ, ಗ್ರಾಹಕರ ಹೆಸರು, ಖಾತೆ ಸಂಖ್ಯೆ ಇವು ವಿಕಿಯಲ್ಲೂ ಕೆಟಿ ರೆಕಾರ್ಡಿಂಗ್‌ನಲ್ಲೂ ಬರಬಾರದು. ಪ್ರೊಡಕ್ಷನ್ ಸ್ಕ್ರೀನ್ ತೋರಿಸುತ್ತಾ ರೆಕಾರ್ಡ್ ಮಾಡುವುದು ಎಲ್ಲೆಡೆ ನಡೆಯುತ್ತದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂದಿರುವಾಗ ಇದನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ರೆಕಾರ್ಡ್ ಮಾಡಲೇಬೇಕಿದ್ದರೆ ಒಂದು ಪ್ರಶ್ನೆಗೆ ಒಂದು ವಿಡಿಯೊ, 15 ನಿಮಿಷದೊಳಗೆ, ಪ್ರಶ್ನೆಯನ್ನೇ ಶೀರ್ಷಿಕೆಯಾಗಿಡಿ.

ಈ ಸೀನಿಯರ್ ಹೋದ ಮೇಲೆ ಇನ್ನೊಬ್ಬರು ಹೋಗುತ್ತಾರೆ. ಅಪ್ರೈಸಲ್ ಮುಗಿದು ಬೋನಸ್ ಕೈಗೆ ಬಂದ ಮೇಲೆ ಪೇಪರ್ ಹಾಕುವವರು ಬೆಂಗಳೂರಿನಲ್ಲಿ ಯಾವ ವರ್ಷವೂ ಕಡಿಮೆಯಾಗಿಲ್ಲ. ಆದ್ದರಿಂದ ನೋಟಿಸ್ ಬಂದ ಮೇಲೆ ಮಾಡುವ ಈ ಕೆಲಸ ಸ್ಪ್ರಿಂಟ್‌ನೊಳಗಿನ ಮಾಮೂಲಿ ಆಗಬೇಕು. ಅದಕ್ಕೆ ಹೊಸ ಮೀಟಿಂಗ್ ಬೇಡ. ತಂಡ ದಿನವೂ ಸೇರುವ 15 ನಿಮಿಷದ ಡೈಲಿ ಸ್ಕ್ರಮ್‌ಗೆ ಇದನ್ನು ತುರುಕಬೇಡಿ. ಆನ್‌ಕಾಲ್ (ಅಲರ್ಟ್ ಬಂದರೆ ನೋಡಿಕೊಳ್ಳುವ ಪಾಳಿ) ವಾರಕ್ಕೊಬ್ಬರಂತೆ ಒಂಬತ್ತು ಜನರಲ್ಲೂ ಸುತ್ತಲಿ, ಫ್ರೆಶರ್‌ಗಳು ಮೊದಲ ಸುತ್ತಿನಲ್ಲಿ ಜೊತೆಗಿರಲಿ. ಜೋಡಿಯಾಗಿ ಕೋಡ್ ಬರೆಯುವುದನ್ನು ದಿನವಿಡೀ ಮಾಡಿದರೆ ಎಲ್ಲರೂ ದಣಿಯುತ್ತಾರೆ. ಕೆಂಪು ಸಾಲಿನ ಕೆಲಸಗಳಿಗೆ ಮಾತ್ರ ಎರಡೆರಡು ಗಂಟೆ ಇಟ್ಟು, ಕೀಬೋರ್ಡ್ ಹೆಚ್ಚಾಗಿ ಕಡಿಮೆ ಗೊತ್ತಿರುವವರ ಕೈಯಲ್ಲಿರಲಿ. ರಿವ್ಯೂವಿನಲ್ಲಿ ಒಂದು ಬಲೆಯಿದೆ. ಕೋಡ್ ಓನರ್ಸ್ ಫೈಲಿನಲ್ಲಿ ಒಬ್ಬರ ಹೆಸರು ಹಾಕಿಬಿಟ್ಟರೆ ಆ ಫೋಲ್ಡರಿನ ಪ್ರತಿ ರಿವ್ಯೂ ಅವರಿಗೇ ಹೋಗುತ್ತದೆ, ಗೊತ್ತಿರುವವರಿಗೇ ಮತ್ತೆ ಗೊತ್ತಾಗುತ್ತದೆ. ಅಲ್ಲಿ ಗುಂಪಿನ ಹೆಸರು ಹಾಕಿ, ಆ ಭಾಗ ಗೊತ್ತಿಲ್ಲದ ಒಬ್ಬರು ಎರಡನೆಯ ರಿವ್ಯೂವರ್ ಆಗಿರಲಿ. ಅವರು ಕೇಳುವ ‘ಇದು ಯಾಕೆ ಹೀಗೆ’ ಎಂಬ ಪ್ರಶ್ನೆಯೇ ಕಾಮೆಂಟ್ ಅಥವಾ ನಿರ್ಣಯದ ದಾಖಲೆ ಎಲ್ಲಿ ಬೇಕೆಂದು ತೋರಿಸುತ್ತದೆ. ಸ್ಪ್ರಿಂಟ್ ಮುಗಿದಾಗ ಹಿಂತಿರುಗಿ ನೋಡುವ ಸಭೆಯಾದ ರೆಟ್ರೊಗೆ ಸ್ಕ್ರಮ್ ಗೈಡ್ (ಈ ಪದ್ಧತಿಯ ಕೈಪಿಡಿ) ಒಂದು ತಿಂಗಳ ಸ್ಪ್ರಿಂಟ್‌ಗೆ ಗರಿಷ್ಠ 3 ಗಂಟೆ ಎನ್ನುತ್ತದೆ. ಎರಡು ವಾರಕ್ಕೆ ಒಂದೂವರೆ ಗಂಟೆ ಇಟ್ಟುಕೊಳ್ಳಿ. ಅಂಕದ ಶೀಟನ್ನು ಅಲ್ಲಿ ತೆರೆದು, ಒಂದೇ ಒಂದು ಸಾಲನ್ನು ಆರಿಸಿ ಮುಂದಿನ ಸ್ಪ್ರಿಂಟ್‌ಗೆ ಟಿಕೆಟ್ ಮಾಡಿ. ಐದು ಆರಿಸಿದರೆ ಒಂದೂ ಆಗುವುದಿಲ್ಲ.

ನಮ್ಮ ಊರಿನ ತಂಡಗಳಲ್ಲಿ ಇನ್ನೊಂದು ಕಡೆ ತಿಳಿವಳಿಕೆ ಸೋರುತ್ತದೆ. ಮೂರು ದಿನ ಆಫೀಸ್, ಎರಡು ದಿನ ಮನೆ ಎಂಬ ಏರ್ಪಾಡಿನಲ್ಲಿ, ಆಫೀಸಿಗೆ ಬಂದ ನಾಲ್ವರು ಟೀ ಕುಡಿಯುತ್ತಾ ಕನ್ನಡದಲ್ಲಿ ಒಂದು ವಿನ್ಯಾಸವನ್ನು ಪೂರ್ತಿ ಚರ್ಚಿಸಿ ತೀರ್ಮಾನಿಸಿಬಿಡುತ್ತಾರೆ. ಚರ್ಚೆ ಅಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಅದನ್ನು ನಿಲ್ಲಿಸಬೇಡಿ. ಮನೆಯಲ್ಲಿದ್ದ ಐವರಿಗೆ, ಪುಣೆಯಲ್ಲಿರುವ ಟೆಸ್ಟಿಂಗ್‌ನವರಿಗೆ ಕಾಣುವುದು ಟಿಕೆಟ್‌ನಲ್ಲಿ ಬದಲಾದ ಒಂದು ಸಾಲು ಮಾತ್ರ. ಸೀಟಿಗೆ ಬಂದ ಕೂಡಲೇ ಅವರಲ್ಲೊಬ್ಬರು ಟಿಕೆಟ್‌ನಲ್ಲಿ ಮೂರು ಸಾಲು ಬರೆಯುವುದು ನಿಯಮವಾಗಲಿ: ಏನು ತೀರ್ಮಾನ, ಯಾಕೆ, ಏನನ್ನು ಬೇಡವೆಂದೆವು. ಅಮೆರಿಕದ ಪಶ್ಚಿಮ ಕರಾವಳಿಯ ಜೊತೆ ಕೆಲಸ ಮಾಡುವವರಿಗಂತೂ ಇದು ಇಲ್ಲದೆ ಆಗುವುದೇ ಇಲ್ಲ. ನಮಗೂ ಅವರಿಗೂ ಕಾಲಮಾನಕ್ಕೆ ತಕ್ಕಂತೆ ಹನ್ನೆರಡೂವರೆ ಅಥವಾ ಹದಿಮೂರೂವರೆ ಗಂಟೆ ಅಂತರ. ಬರೆಯದೇ ಬಿಟ್ಟ ಒಂದು ಸಾಲಿಗೆ ಒಂದು ಇಡೀ ದಿನ ಹೋಗುತ್ತದೆ.

ಬರೆಯಲು ಹಿಂಜರಿಯುವವರ ಕಷ್ಟವನ್ನೂ ಗಮನಿಸಿ. ಚೆನ್ನಾಗಿ ಕೆಲಸ ಗೊತ್ತಿದ್ದೂ ಇಂಗ್ಲಿಷ್ ತಪ್ಪಾದೀತೆಂಬ ಸಂಕೋಚಕ್ಕೆ ಒಂದಕ್ಷರ ಬರೆಯದ ಹುಡುಗರು ಪ್ರತಿ ತಂಡದಲ್ಲೂ ಇರುತ್ತಾರೆ. ಅವರು ಕನ್ನಡದಲ್ಲೇ ಹೇಳಲಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು ಇನ್ನೊಬ್ಬರು ಕೂತು ಇಂಗ್ಲಿಷಿಗೆ ಇಳಿಸಲಿ. ಅಥವಾ ಚಿಕ್ಕ ಚಿಕ್ಕ ವಾಕ್ಯ, ಅಂಕಿ ಹಾಕಿದ ಹಂತಗಳು, ಸ್ಕ್ರೀನ್‌ಶಾಟ್ ಸಾಕೆಂದು ನೀವೇ ಹೇಳಿ, ವ್ಯಾಕರಣ ತಿದ್ದುವ ಕಾಮೆಂಟ್‌ಗಳನ್ನು ರಿವ್ಯೂವಿನಿಂದ ದೂರವಿಡಿ. ಇನ್ನು ಕೆಲವರು ಬೇಕೆಂದೇ ಹೇಳಿಕೊಡುವುದಿಲ್ಲ, ತಾವಿಲ್ಲದೆ ನಡೆಯದಂತಿದ್ದರೆ ಕೆಲಸ ಭದ್ರ ಎಂಬ ಲೆಕ್ಕ. ಅವರಿಗೆ ಉಪದೇಶ ಮಾಡಿ ಫಲವಿಲ್ಲ. ರಾತ್ರಿ ಎದ್ದು ಬೆಂಕಿ ಆರಿಸಿದವರಿಗೆ ಮಾತ್ರ ಅಪ್ರೈಸಲ್‌ನಲ್ಲಿ ಶಹಬ್ಬಾಸ್ ಸಿಗುತ್ತಿದ್ದರೆ ಅವರ ಲೆಕ್ಕ ಸರಿಯಾಗಿಯೇ ಇದೆ. ಇಬ್ಬರನ್ನು 3ರ ಅಂಕಕ್ಕೆ ತಂದವರಿಗೂ ಅಷ್ಟೇ ತೂಕ ಕೊಡುವಂತೆ ನಿಮ್ಮ ಮ್ಯಾನೇಜರ್ ಜೊತೆ ಮಾತಾಡಿ.

ಫಲ ಬರುತ್ತಿದೆಯೇ ಎಂದು ನೋಡಲು ವಿಕಿಯ ಪುಟ ಎಣಿಸಬೇಡಿ. ಒಂದೇ 3 ಇರುವ ಸಾಲುಗಳು ತಿಂಗಳಿಂದ ತಿಂಗಳಿಗೆ ಇಳಿಯುತ್ತಿವೆಯೇ ನೋಡಿ. ಹೊಸಬರು ಸೇರಿದಾಗ ಲ್ಯಾಪ್‌ಟಾಪ್ ಕೊಟ್ಟು, ರೀಡ್‌ಮಿ ಮಾತ್ರ ನೋಡಿ ಸೆಟಪ್ ಮಾಡಲು ಹೇಳಿ. ಎಲ್ಲಿ ನಿಂತರೋ ಆ ಸಾಲನ್ನು ಅವತ್ತೇ ಅವರ ಕೈಯಲ್ಲೇ ತಿದ್ದಿಸಿ, ಅದೇ ಅವರ ಮೊದಲ ಪುಲ್ ರಿಕ್ವೆಸ್ಟ್. ಯಾರಾದರೂ ಹಬ್ಬಕ್ಕೆ ಊರಿಗೆ ಹೋಗಿ ಒಂದು ವಾರ ರಜೆಯಲ್ಲಿದ್ದಾಗ ಅವರಿಗೆ ಎಷ್ಟು ಫೋನ್ ಹೋಯಿತು, ಯಾವ ವಿಷಯಕ್ಕೆ ಹೋಯಿತು ಎಂದು ಕೇಳಿ. ಮುಂದೆ ಶೀಟಿನಲ್ಲಿ ಕೆಂಪಾಗಬೇಕಾದ ಸಾಲುಗಳು ಅವೇ.

ಮತ್ತೆ ನಿಮ್ಮ ಸೀನಿಯರ್ ವಿಷಯ. ಕೊನೆಯ ದಿನಕ್ಕೆ ಎರಡು ವಾರ ಮುಂಚೆ ಅವರ ಹೆಸರಿನಲ್ಲಿರುವ ಟೋಕನ್, ಕ್ರಾನ್ ಜಾಬ್ (ನಿಗದಿತ ಹೊತ್ತಿಗೆ ತಾನಾಗಿ ಓಡುವ ಕೆಲಸ), ಡ್ಯಾಶ್‌ಬೋರ್ಡ್, ಬ್ಯಾಂಕ್ ಪೋರ್ಟಲ್‌ನ ಲಾಗಿನ್, ಅಲರ್ಟ್ ಬರುವ ಇಮೇಲ್ ವಿಳಾಸ ಎಲ್ಲವನ್ನೂ ತಂಡದ ಸರ್ವಿಸ್ ಅಕೌಂಟ್‌ಗೆ ಬದಲಿಸಿ. ಒಂದು ವಾರ ಮುಂಚೆ, ಅವರು ಇನ್ನೂ ಪಕ್ಕದಲ್ಲಿರುವಾಗಲೇ, ಐಟಿಯವರಿಗೆ ಹೇಳಿ ಅವರ ಪ್ರೊಡಕ್ಷನ್ ಆ್ಯಕ್ಸೆಸ್ ತೆಗೆಸಿ. ಬೇಸರವಾಗದಂತೆ ಕಾರಣ ಮೊದಲೇ ಹೇಳಿ, ಹೆಚ್ಚಿನವರು ಒಪ್ಪುತ್ತಾರೆ. ಸೋಮವಾರ ಬೆಳಗ್ಗೆ ತೆಗೆಸಿದರೆ ಅವರ ಹೆಸರಿನಲ್ಲಿ ಓಡುತ್ತಿದ್ದ, ಯಾರ ಪಟ್ಟಿಯಲ್ಲೂ ಇರದ ಯಾವುದೋ ಜಾಬ್ ಮಂಗಳವಾರದ ಒಳಗೆ ನಿಲ್ಲುತ್ತದೆ, ಅದನ್ನು ಸರಿಮಾಡಲು ಶುಕ್ರವಾರದವರೆಗೆ ಅವರು ನಿಮ್ಮ ಜೊತೆಯೇ ಇರುತ್ತಾರೆ.